ಹುಷಾರಿದ್ದವರು ಯಾವ ನೀರು ಕುಡಿದಿದ್ದರು?

ಫ್ಲೆಕ್ಸ್ ಅಂಗಡಿಯ ಹುಡುಗ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದ: “ಫೋಟೋ ಯಾರ್ದು ಹಾಕೂದ್ರಿ ಮೇಡಂ?”

ಯಾರದೂ ಬೇಡ ಅಂದೆ. ಆಗ ತಲೆ ಎತ್ತಿ ನೋಡಿದ. ಅವನ ಅಂಗಡಿಯಲ್ಲಿ ಅಲ್ಲಿಯವರೆಗೆ ಫೋಟೋ ಇಲ್ಲದ ಫ್ಲೆಕ್ಸ್ ಆಗಿರಲಿಲ್ಲ ಅಂತ ಕಾಣುತ್ತೆ. ಹುಟ್ಟುಹಬ್ಬದ ಶುಭಾಶಯ, ಭಾವಪೂರ್ಣ ಶ್ರದ್ಧಾಂಜಲಿ, ಜಾತ್ರೆಗೆ ಸ್ವಾಗತ ಕೋರುವ ಇಪ್ಪತ್ತು ಮುಖಗಳು. ನನ್ನ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಒಂದು ಊರಿನ ಕೈನಕ್ಷೆ, ಎರಡು ಕೋಷ್ಟಕ, ಯಾವ ದಿನ ಎಷ್ಟು ಜನ ಕಾಯಿಲೆ ಬಿದ್ದರು ಅನ್ನುವ ಒಂದು ಗ್ರಾಫ್. “ಮೂಲ್ಯಾಗ ಒಂದು ಗುಲಾಬಿ ಹೂವರೆ ಇಡ್ಲಿ?” ಅಂದ. ಇದು ವಾಂತಿ-ಭೇದಿ ಬಗ್ಗೆ ಬರೆದದ್ದಪ್ಪ, ಹೂವು ಬೇಡ ಅಂದೆ. ಆದರೂ ಅವನಿಗೆ ಮನಸ್ಸು ತಡೆಯಲಿಲ್ಲ. ಮರುದಿನ ತರಲು ಹೋದಾಗ ಬಲಗಡೆ ಮೂಲೆಯಲ್ಲಿ ನೀಲಿ ನೀರಿನ ಹನಿಯೊಂದು ಹೊಳೆಯುತ್ತಿತ್ತು. ಚೆನ್ನಾಗಿಯೇ ಇತ್ತು, ಬಿಟ್ಟೆ.

ಆ ಫ್ಲೆಕ್ಸನ್ನು ಸುತ್ತಿ, ಹಳೇ ಪ್ಲಾಸ್ಟಿಕ್ ಪೈಪಿನೊಳಗೆ ತುರುಕಿ, ಅಮರಾವತಿ ಎಕ್ಸ್‌ಪ್ರೆಸ್‌ನಲ್ಲಿ ಕೋಲ್ಕತ್ತಕ್ಕೆ ಹೊರಟೆ. 2015ರ ಫೆಬ್ರವರಿ. ನಮ್ಮ ಕಡೆಯಿಂದ ಹೌರಾಕ್ಕೆ ನೇರ ಹೋಗುವ ರೈಲು ಅದು. ಒಂದೂವರೆ ದಿನದ ದಾರಿ. ಬರ್ತ್ ಕೆಳಗೆ ಪೈಪ್ ಇಟ್ಟುಕೊಂಡಿದ್ದ ನನ್ನನ್ನು ಎದುರಿಗಿದ್ದವರು “ಬೋರ್‌ವೆಲ್ ಸಾಮಾನೇನ್ರಿ?” ಅಂತ ಕೇಳಿದರು.

ನಾನು ಉತ್ತರ ಕರ್ನಾಟಕದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಕಮ್ಯುನಿಟಿ ಮೆಡಿಸಿನ್ ಕಲಿಸುತ್ತೇನೆ. ಮನೆಯಲ್ಲಿ ಇದನ್ನು ವಿವರಿಸುವುದೇ ಕಷ್ಟ. “ಡಾಕ್ಟರ್ ಹೌದು, ಆದ್ರ ಪೇಷಂಟ್ ನೋಡಂಗಿಲ್ಲ” ಅಂತ ನನ್ನ ಅತ್ತೆ ಬಂದವರಿಗೆ ಹೇಳುತ್ತಾರೆ. ಒಬ್ಬ ರೋಗಿಯ ಬದಲು ಒಂದು ಊರನ್ನೇ ಪರೀಕ್ಷೆ ಮಾಡುವುದು ನಮ್ಮ ಕೆಲಸ ಅಂತ ನಾನು ಹೇಳುತ್ತೇನೆ. ಅದು ಹೇಳಿದಷ್ಟು ಸುಲಭವಲ್ಲ ಅಂತ ಗೊತ್ತಾದದ್ದು ಕೋಲ್ಕತ್ತದಲ್ಲಿ.

ಅಲ್ಲಿ ನಡೆದದ್ದು 14ನೇ ವಿಶ್ವ ಸಾರ್ವಜನಿಕ ಆರೋಗ್ಯ ಸಮ್ಮೇಳನ. ಬೇರೆ ಬೇರೆ ದೇಶಗಳ ಸಾರ್ವಜನಿಕ ಆರೋಗ್ಯ ಸಂಘಗಳು ಸೇರಿ 1967ರಲ್ಲಿ ಒಂದು ಜಾಗತಿಕ ಒಕ್ಕೂಟ ಕಟ್ಟಿಕೊಂಡಿವೆ. ಸಮ್ಮೇಳನ ನಡೆಸುವುದು ಅದೇ. ಆ ಸಲ ಆತಿಥ್ಯ ನಮ್ಮ ಇಂಡಿಯನ್ ಪಬ್ಲಿಕ್ ಹೆಲ್ತ್ ಅಸೋಸಿಯೇಷನ್‌ನದು. ಬಾಯಿಮಾತಲ್ಲಿ ಐಪಿಎಚ್‌ಎ. 1956ರಲ್ಲಿ ಶುರುವಾದ ಸಂಘ, ಕೇಂದ್ರ ಕಚೇರಿ ಕೋಲ್ಕತ್ತದಲ್ಲೇ. ನಾನು ಅದಕ್ಕೆ ಆಜೀವ ಸದಸ್ಯೆ. ಆದದ್ದು ಯಾಕೆ ಅಂತ ನಿಜ ಹೇಳಿಬಿಡುತ್ತೇನೆ: ನಮ್ಮ ವಿಭಾಗದ ಮುಖ್ಯಸ್ಥರು ಅರ್ಜಿ ತಂದು ಮೇಜಿನ ಮೇಲಿಟ್ಟು “ತುಂಬಿ ಕೊಡಿ” ಅಂದರು, ತುಂಬಿ ಕೊಟ್ಟೆ. ಸರ್ಟಿಫಿಕೇಟ್ ಬಂತು, ಫೈಲಿಗೆ ಸೇರಿಸಿದೆ. ಮೂರು ತಿಂಗಳಿಗೊಮ್ಮೆ ಸಂಘದ ಪತ್ರಿಕೆ ಬರುತ್ತಿತ್ತು. ಅದರಲ್ಲಿ ಗುರುತಿನವರ ಹೆಸರಿದೆಯಾ ಅಂತ ನೋಡಿ ಕಪಾಟಿಗೆ ಇಡುತ್ತಿದ್ದೆ.

ಇನ್ನು ಆ ಫ್ಲೆಕ್ಸಿನ ಕಥೆ.

2013ರ ಜೂನ್. ಕಾರ ಹುಣ್ಣಿಮೆ ಮುಗಿದು ಎರಡು ಮೂರು ದಿನ. ನಮ್ಮ ಕಾಲೇಜಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ವಾಂತಿ-ಭೇದಿ ಎದ್ದಿತು. ಆಶಾ ಕಾರ್ಯಕರ್ತೆ ಬೆಳಗ್ಗೆ ಆರಕ್ಕೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಂದರೆ ಪಿಎಚ್‌ಸಿಗೆ ಫೋನ್ ಮಾಡಿದ್ದಳು. ಹತ್ತು ಗಂಟೆಗೆ ನಾವು ಹೋದಾಗ ಸರ್ಕಾರಿ ಶಾಲೆಯ ಎರಡು ಕೋಣೆ ವಾರ್ಡ್ ಆಗಿದ್ದವು. ಕಿಟಕಿ ಸರಳಿಗೆ ಸಲೈನ್ ಬಾಟಲಿ ತೂಗುಬಿದ್ದಿದ್ದವು. ಕಪ್ಪುಹಲಗೆಯ ಮೇಲೆ ಐದರ ಮಗ್ಗಿ ಇನ್ನೂ ಅಳಿಸಿರಲಿಲ್ಲ.

ಇಂಥಲ್ಲಿ ನಮ್ಮ ಕೆಲಸ ಪಟ್ಟಿ ಬರೆಯುವುದರಿಂದ ಶುರು. ಇಪ್ಪತ್ನಾಲ್ಕು ತಾಸಿನಲ್ಲಿ ಮೂರು ಅಥವಾ ಹೆಚ್ಚು ಸಲ ನೀರು ನೀರಾಗಿ ಭೇದಿ ಆದವರನ್ನು ಲೆಕ್ಕಕ್ಕೆ ತೆಗೆದುಕೊಂಡು ಹೆಸರು, ವಯಸ್ಸು, ಓಣಿ, ಯಾವತ್ತು ಎಷ್ಟೊತ್ತಿಗೆ ಶುರುವಾಯಿತು, ಏನು ತಿಂದರು, ಎಲ್ಲಿಯ ನೀರು ಕುಡಿದರು, ಎಲ್ಲ ಬರೆದುಕೊಳ್ಳಬೇಕು. ಇಂಟರ್ನಿಗಳನ್ನು, ಅಂದರೆ ತರಬೇತಿಯಲ್ಲಿರುವ ಎಳೆಯ ಡಾಕ್ಟರುಗಳನ್ನು, ಓಣಿಗೆ ಇಬ್ಬರಂತೆ ಕಳಿಸಿದೆ. ಸಂಜೆಯೊಳಗೆ ಅರವತ್ತು ಚಿಲ್ಲರೆ ಹೆಸರು ಬಂದವು. ಮಲದ ಮಾದರಿ ಲ್ಯಾಬಿಗೆ ಕಳಿಸಿದೆವು, ಯಾವ ಜೀವಾಣುವೂ ಬೆಳೆಯಲಿಲ್ಲ. ಅಷ್ಟೊತ್ತಿಗೆ ಎಲ್ಲರ ಹೊಟ್ಟೆಗೂ ಯಾವುದಾದರೊಂದು ಮಾತ್ರೆ ಸೇರಿತ್ತು. ಇದು ಯಾವಾಗಲೂ ಆಗುವುದೇ.

ಊರ ಮಧ್ಯದ ನೀರಿನ ಟಾಕಿ ಹತ್ತಿ ನೋಡಿದೆವು. ಮುಚ್ಚಳ ಒಡೆದಿತ್ತು. ಒಳಗೆ ಪಾರಿವಾಳದ ಪುಕ್ಕ ತೇಲುತ್ತಿತ್ತು. ಕ್ಲೋರಿನ್ ಪರೀಕ್ಷೆಗೆ ಹನಿ ಹಾಕಿದರೆ ನೀರು ಹಳದಿ ತಿರುಗಬೇಕು, ಸ್ವಲ್ಪವೂ ತಿರುಗಲಿಲ್ಲ. ಬ್ಲೀಚಿಂಗ್ ಪೌಡರ್ ಎಷ್ಟು ಹಾಕ್ತೀಯಪ್ಪ ಅಂತ ವಾಟರ್‌ಮನ್‌ನ್ನು ಕೇಳಿದೆ. “ಒಂದು ಬೊಗಸಿ ಹಾಕ್ತೀನ್ರಿ” ಅಂದ. ಚೀಲ ತೋರಿಸು ಅಂದರೆ ಬಾಯಿ ತೆರೆದೇ ಇಟ್ಟ ಚೀಲ, ಬಿಸಿಲು ಬೀಳುವ ಜಾಗದಲ್ಲಿ. ಮೂಗಿಗೆ ಹಿಡಿದರೂ ವಾಸನೆ ಇಲ್ಲ. ಹೊಸ ಪೌಡರಿನಲ್ಲಿ ನೂರಕ್ಕೆ 33ರಷ್ಟು ಕ್ಲೋರಿನ್ ಇರುತ್ತೆ. ಹೀಗೆ ತೆರೆದಿಟ್ಟರೆ ಕೊನೆಗೆ ಉಳಿಯುವುದು ಸುಣ್ಣ.

ನನಗೆ ಅಷ್ಟು ಸಾಕಾಯಿತು. ಅಪರಾಧಿ ಸಿಕ್ಕಿಬಿಟ್ಟ ಅಂದುಕೊಂಡೆ. ಟಾಕಿ ತೊಳೆಸಿದೆವು, ಹೊಸ ಪೌಡರ್ ತರಿಸಿದೆವು, ಓಆರ್‌ಎಸ್ ಹಂಚಿದೆವು. ಐದಾರು ದಿನಕ್ಕೆ ಎಲ್ಲ ತಣ್ಣಗಾಯಿತು. ಕಾಯಿಲೆ ಬಿದ್ದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಜನ ಟಾಕಿ ನೀರು ಕುಡಿದವರು ಅಂತ ಕೋಷ್ಟಕ ಮಾಡಿದೆ. ಕಾರಣ: ಟಾಕಿ. ಜಿಲ್ಲೆಯ ಸಭೆಯಲ್ಲಿ ಓದಿದೆ, ಎಲ್ಲರೂ ತಲೆಯಾಡಿಸಿದರು. ಕಾಲೇಜಿನಲ್ಲಿ ಓದಿದೆ, ಚಪ್ಪಾಳೆ. ಮುಂದಿನ ವರ್ಷ ಸಮ್ಮೇಳನಕ್ಕೆ ಸಾರಾಂಶ ಕಳಿಸಿ ಅಂತ ಪ್ರಕಟಣೆ ಬಂದಾಗ ಇದನ್ನೇ ಬರೆದು ಕಳಿಸಿದೆ. ಪೋಸ್ಟರ್‌ಗೆ ಆಯ್ಕೆಯೂ ಆಯಿತು.

ಕೋಲ್ಕತ್ತದಲ್ಲಿ ಪೋಸ್ಟರ್ ಮುಂದೆ ನಿಂತಿದ್ದೆ. ಪೋಸ್ಟರ್ ಅಂದರೆ ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನ ಇದ್ದ ಹಾಗೆ. ನಿಮ್ಮ ಹಾಳೆ ನೇತುಹಾಕಿ ಪಕ್ಕದಲ್ಲಿ ನಿಲ್ಲಬೇಕು. ಯಾರಾದರೂ ನಿಂತರೆ ಹೇಳಬೇಕು, ನಿಲ್ಲದಿದ್ದರೆ ಸುಮ್ನೆ ನಗುತ್ತಾ ನಿಲ್ಲಬೇಕು. ಮೊದಲ ಅರ್ಧ ತಾಸು ನಕ್ಕಿದ್ದೇ ಬಂತು. ಒಬ್ಬಿಬ್ಬರು ನೀರಿನ ಹನಿಯ ಚಿತ್ರ ಚೆನ್ನಾಗಿದೆ ಅಂದರು.

ಆಮೇಲೆ ಒಬ್ಬ ವಯಸ್ಸಾದವರು ಬಂದರು. ಕೈಯಲ್ಲಿ ಚಹಾದ ಕಪ್. ಡಾಕ್ಟರೇನಲ್ಲ, ನೀರು ಸರಬರಾಜು ಇಲಾಖೆಯೊಂದರಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು ಅಂತ ಆಮೇಲೆ ಗೊತ್ತಾಯಿತು. ಕನ್ನಡಕ ಹಣೆಗೇರಿಸಿ ಕೋಷ್ಟಕದ ಹತ್ತಿರ ಮುಖ ತಂದು ನಿಧಾನವಾಗಿ ಓದಿದರು. ನಾನು ಟಾಕಿ, ಪಾರಿವಾಳ, ಬೊಗಸೆ ಎಲ್ಲ ಹೇಳಿ ಮುಗಿಸಿದೆ. ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: ಸರಿ, ಹುಷಾರಿದ್ದವರು ಯಾವ ನೀರು ಕುಡಿದಿದ್ದರು?

ಟಾಕಿ ನೀರೇ. ಇಡೀ ಊರೇ ಟಾಕಿ ನೀರು ಕುಡಿಯುತ್ತಿತ್ತಲ್ಲ. ಅಷ್ಟು ಹೇಳುವಷ್ಟರಲ್ಲಿ ನನ್ನ ಕಿವಿ ಬಿಸಿಯಾದವು.

ಅವರು ಬೇಜಾರು ಮಾಡುವ ಹಾಗೆ ಏನೂ ಅನ್ನಲಿಲ್ಲ. ಕಾರ್ಯಕ್ರಮ ಪಟ್ಟಿಯ ಹಿಂದೆ ಪೆನ್ಸಿಲ್‌ನಲ್ಲಿ ಒಂದು ಚೌಕ ಬರೆದು, ನಡುವೆ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದರು. ನಾಲ್ಕು ಮನೆ. ಮೇಲಿನ ಎರಡರಲ್ಲಿ ನನ್ನ ಅಂಕಿ ಬರೆದರು. ಕೆಳಗಿನ ಎರಡು ಖಾಲಿ ಬಿಟ್ಟು ಹಾಳೆಯನ್ನು ನನ್ನ ಕೈಗೆ ಕೊಟ್ಟರು.

ಆ ನಾಲ್ಕು ಮನೆಯನ್ನು ನಾನು ಪ್ರತಿ ವರ್ಷ ಎಂಬಿಬಿಎಸ್ ಹುಡುಗರಿಗೆ ಬೋರ್ಡಿನ ಮೇಲೆ ಬರೆದು ಕಲಿಸುತ್ತೇನೆ. ಕಾಯಿಲೆ ಬಿದ್ದವರಲ್ಲಿ ಎಷ್ಟು ಜನ ಕುಡಿದರು, ಬೀಳದವರಲ್ಲಿ ಎಷ್ಟು ಜನ ಕುಡಿದರು, ಎರಡನ್ನೂ ಹೋಲಿಸಿ ನೋಡಿ ಅಂತ. ಪರೀಕ್ಷೆಯಲ್ಲಿ ಬಿಟ್ಟವರಿಗೆ ಅಂಕ ಕತ್ತರಿಸಿದ್ದೇನೆ ಕೂಡ. ಊರಲ್ಲಿ ನಿಂತಾಗ, ಸಲೈನ್ ಬಾಟಲಿಗಳ ನಡುವೆ, ಒಡೆದ ಮುಚ್ಚಳ ಕಣ್ಣಿಗೆ ಬಿದ್ದಾಗ, ಅದು ನೆನಪಾಗಲೇ ಇಲ್ಲ. ಟಾಕಿ ಕೊಳಕಾಗಿತ್ತು ಅನ್ನುವುದು ನಿಜ. ಆದರೆ ಆ ಟಾಕಿ ಅವತ್ತಿಗೆ ಎರಡು ವರ್ಷದಿಂದ ಕೊಳಕಾಗಿತ್ತು. ಆ ವಾರವೇ ಯಾಕೆ? ಅದೇ ನೀರು ಕುಡಿದ ಮೇಲಿನ ಓಣಿಯವರಿಗೆ ಯಾಕೆ ಆಗಲಿಲ್ಲ? ನನ್ನ ನಕ್ಷೆಯಲ್ಲೇ ಇತ್ತು, ಚುಕ್ಕೆಗಳೆಲ್ಲ ಕೆಳಗಿನ ಎರಡು ಓಣಿಯಲ್ಲಿ ಗುಂಪಾಗಿದ್ದವು. ನಾನೇ ಇಟ್ಟ ಚುಕ್ಕೆಗಳು. ಹತ್ತಿಪ್ಪತ್ತು ಸಲ ನೋಡಿದ್ದೆ.

ಜಿಲ್ಲೆಯ ಸಭೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ, ಯಾಕೆಂದರೆ ಅಲ್ಲಿ ಎಲ್ಲರಿಗೂ ಬೇಗ ಒಂದು ಕಾರಣ ಬೇಕಿತ್ತು. ಕಾಲೇಜಿನಲ್ಲಿ ಕೇಳಲಿಲ್ಲ, ಯಾಕೆಂದರೆ ದೊಡ್ಡವರು ಮುಂದಿನ ಸಾಲಿನಲ್ಲಿ ಕೂತಿದ್ದರು, ಚಿಕ್ಕವರು ಬಾಯಿ ಬಿಡುವುದಿಲ್ಲ. ನನ್ನ ಬಡ್ತಿಗೂ ಸಂಬಂಧವಿಲ್ಲದ, ನನ್ನ ಊರಿಗೂ ಸಂಬಂಧವಿಲ್ಲದ ಒಬ್ಬರು, ಚಹಾ ಆರುವ ಮೊದಲು ಕೇಳಿಬಿಟ್ಟರು. ಸಂಘ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಪೆನ್ಸಿಲ್ ಚೌಕ. ಐಪಿಎಚ್‌ಎಯಲ್ಲಿ ಡಾಕ್ಟರುಗಳ ಜೊತೆ ಬೇರೆ ಕಸುಬಿನವರೂ ಇರುವುದು ನನಗೆ ಅಲ್ಲಿಯವರೆಗೆ ಬರೀ ನಿಯಮಾವಳಿಯ ಒಂದು ಸಾಲಾಗಿತ್ತು. ಡಾಕ್ಟರ್ ಆಗಿದ್ದರೆ ಆ ಹಿರಿಯರು ಬಹುಶಃ ಯಾವ ಬ್ಯಾಕ್ಟೀರಿಯಾ ಅಂತ ಕೇಳುತ್ತಿದ್ದರು.

ದೊಡ್ಡ ಸಭಾಂಗಣದ ಭಾಷಣಗಳ ಬಗ್ಗೆ ನಾನು ಜಾಸ್ತಿ ಬರೆಯುವುದಿಲ್ಲ. ಒಳ್ಳೆಯವೂ ಇದ್ದವು. ಆದರೆ ಅಂಥವನ್ನು ಓದಿಯೂ ತಿಳಿಯಬಹುದು.

ಮರುದಿನ ಒಂದು ಮಧ್ಯಾಹ್ನ ಕದ್ದು 110, ಚಿತ್ತರಂಜನ್ ಅವೆನ್ಯೂಗೆ ಹೋದೆ. ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಹೈಜೀನ್ ಅಂಡ್ ಪಬ್ಲಿಕ್ ಹೆಲ್ತ್. 1932ರಲ್ಲಿ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಶುರುವಾದದ್ದು. ಸಂಘದ ವಿಳಾಸವೂ ಅದೇ. ನಮ್ಮ ವಿಷಯ ಓದಿದವರಿಗೆ ಅದು ಒಂಥರಾ ತವರುಮನೆ. ಪಕ್ಕದಲ್ಲೇ ಟ್ರಾಪಿಕಲ್ ಮೆಡಿಸಿನ್ ಶಾಲೆ. ಊರೂರು ಸುತ್ತಿ ಕಾಲರಾದ ಪಾಠ ಮಾಡುವ ನನಗೆ ಈ ಊರೇ ಪುಸ್ತಕದ ಹಾಗೆ ಕಂಡಿತು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ 1883ರ ಕೊನೆಗೆ ಬಂದು ಕಾಲರಾದ ಜೀವಾಣು ಹಿಡಿದದ್ದು ಇಲ್ಲಿ, ಇಲ್ಲಿಯ ಕೊಳದ ನೀರಿನಲ್ಲೂ ಅದನ್ನು ಕಂಡ. ಆ ಜೀವಾಣು ಬಿಡುವ ವಿಷವೇ ಭೇದಿಗೆ ಕಾರಣ ಅಂತ ಇಲ್ಲಿಯ ವಿಜ್ಞಾನಿ ಶಂಭುನಾಥ ಡೇ 1959ರಲ್ಲಿ ತೋರಿಸಿದ್ದೂ ಇಲ್ಲೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಗಡಿಯ ಬನಗಾಂವ್ ಶಿಬಿರಕ್ಕೆ ಬಂದು ಬಿದ್ದಾಗ ಡಾಕ್ಟರ್ ದಿಲೀಪ್ ಮಹಲನಬೀಸ್ ಸಲೈನ್ ಸಾಲದೆ ಗ್ಲೂಕೋಸ್, ಉಪ್ಪು, ಸೋಡಾ ಪೊಟ್ಟಣ ಕಟ್ಟಿಸಿ ನೀರಲ್ಲಿ ಕದಡಿ ಮನೆಯವರ ಕೈಯಲ್ಲೇ ಕುಡಿಸಿದರು. ಸಾವು ನೂರಕ್ಕೆ ಮೂವತ್ತರ ಹತ್ತಿರ ಇದ್ದದ್ದು ನಾಲ್ಕಕ್ಕಿಂತ ಕೆಳಗೆ ಬಂತು. ನಮ್ಮ ಶಾಲೆಯ ಕೋಣೆಯಲ್ಲಿ ಆಶಾ ಹಂಚಿದ ಓಆರ್‌ಎಸ್ ಪೊಟ್ಟಣದ ಅಜ್ಜ ಅದು.

ಮಲೇರಿಯಾ ಸೊಳ್ಳೆಯಿಂದ ಹರಡುತ್ತೆ ಅಂತ ತೋರಿಸಿದ ರೊನಾಲ್ಡ್ ರಾಸ್ ಕೂಡ ಇದೇ ಊರಲ್ಲಿ ಕೆಲಸ ಮಾಡಿದವರು. ಆದರೆ ಅವರಿಗೆ ಸೊಳ್ಳೆಯ ಹುಚ್ಚಿನ ಬೀಜ ಬಿದ್ದದ್ದು ನಮ್ಮ ಬೆಂಗಳೂರಲ್ಲಿ. 1883ರಲ್ಲಿ ದಂಡಿನ ವೈದ್ಯರಾಗಿದ್ದಾಗ ಬಂಗಲೆಯ ಕಿಟಕಿ ಹೊರಗಿನ ನೀರಿನ ಪೀಪಾಯಿಯಲ್ಲಿ ಮರಿಗಳು ಕುಣಿಯುವುದನ್ನು ನೋಡಿ ನೀರು ಚೆಲ್ಲಿಸಿದರು, ಮನೆಯಲ್ಲಿ ಸೊಳ್ಳೆ ಕಮ್ಮಿಯಾಯಿತು. 1895ರಲ್ಲಿ ಮತ್ತೆ ಬೆಂಗಳೂರಿಗೆ ಕಳಿಸಿದ್ದು ಕಾಲರಾ ತಡೆಯಲಿಕ್ಕೆ. ಮಲೇರಿಯಾ ಸಂಶೋಧನೆ ಬಿಟ್ಟು ಬಾವಿ, ಚರಂಡಿ ನೋಡುತ್ತಾ ತಿರುಗಬೇಕಾಯಿತು. ಈ ಕೆಲಸದಲ್ಲಿ ಯಾರಿಗೂ ತಪ್ಪಿದ್ದಲ್ಲ, ಅಲ್ವಾ?

ಊರಿಗೆ ಬಂದ ಮೇಲೆ ಮೊದಲು ಹೊಳೆದದ್ದು ಆ ಹಳ್ಳಿಗೆ ಮತ್ತೆ ಹೋಗಿ ಹುಷಾರಿದ್ದವರನ್ನು ಕೇಳಿಬಿಡೋಣ ಅಂತ. ಆಗುವುದಿಲ್ಲ. ಎರಡು ವರ್ಷದ ಹಿಂದೆ ಕಾರ ಹುಣ್ಣಿಮೆ ವಾರದಲ್ಲಿ ನೀವು ಯಾವ ನಳದ ನೀರು ಕುಡಿದಿರಿ ಅಂದರೆ ಯಾರು ತಾನೇ ಹೇಳುತ್ತಾರೆ? ಭೇದಿಯಾದವರಿಗೆ ಎಲ್ಲ ನೆನಪಿರುತ್ತೆ, ಆಗದವರಿಗೆ ಏನೂ ಇರುವುದಿಲ್ಲ. ಆ ಲೆಕ್ಕ ಹೋಗಿಬಿಟ್ಟಿತ್ತು. ಫ್ಲೆಕ್ಸನ್ನು ಆ ಊರಿನ ಆಶಾ ಕೇಳಿದಳು, ಕೊಟ್ಟೆ. ಕಟ್ಟಿಗೆ ಒಟ್ಟಿದ ಮೇಲೆ ಹೊದಿಸಿದ್ದಾಳೆ. ಮಳೆಗೆ ಒಳ್ಳೆಯದಂತೆ.

ನಾನು ಮಾಡಿದ್ದು ಇಷ್ಟು: ಪಟ್ಟಿ ಬರೆಯುವ ಫಾರಂ ಬದಲಾಯಿಸಿದೆ. ಒಂದು ಹಾಳೆಯಲ್ಲಿ ಮೂರು ಕಾಲಂ. ಮೊದಲನೆಯದು ಕಾಯಿಲೆ ಬಿದ್ದ ಮನೆ. ಉಳಿದೆರಡು ಅದೇ ಓಣಿಯ ಹುಷಾರಿರುವ ಎರಡು ಮನೆ. ಮೂರಕ್ಕೂ ಅವವೇ ಪ್ರಶ್ನೆ. ನಳ ಎಲ್ಲಿದೆ, ಎಷ್ಟು ಹೊತ್ತಿಗೆ ನೀರು ಹಿಡಿಯುತ್ತೀರಿ, ಯಾವುದರಲ್ಲಿ ತುಂಬಿಡುತ್ತೀರಿ, ಹೇಗೆ ತೋಡಿಕೊಳ್ಳುತ್ತೀರಿ, ಮದುವೆ ಊಟಕ್ಕೆ ಹೋಗಿದ್ದಿರಾ. ಮೂರು ಕಾಲಂ ತುಂಬದೆ ಹಾಳೆ ತರಬೇಡಿ ಅಂತ ಇಂಟರ್ನಿಗಳಿಗೆ ಹೇಳಿಟ್ಟೆ. ನೂರು ಪ್ರತಿ ಜೆರಾಕ್ಸ್ ಮಾಡಿಸಿ ಜೀಪಿನ ಸೀಟಿನ ಕೆಳಗೆ ಹಾಕಿಸಿದೆ.

ಅದು ಬಳಕೆಗೆ ಬಂದದ್ದು 2016ರ ಜೂನ್‌ನಲ್ಲಿ. ಎರಡು ವರ್ಷದ ಬರ, ಬೋರುಗಳು ಬತ್ತಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತಿತ್ತು. ಮೊದಲ ಮಳೆ ಬಿದ್ದ ವಾರದಲ್ಲೇ ಬೇರೊಂದು ಹಳ್ಳಿಯಿಂದ ಫೋನ್. ಹೋದೆವು. ಈ ಸಲವೂ ಶಾಲೆಯ ಕೋಣೆ, ಈ ಸಲವೂ ಸಲೈನ್. ಟಾಕಿ ಹತ್ತಿ ನೋಡಿದರೆ ಮುಚ್ಚಳ ಗಟ್ಟಿಯಾಗಿತ್ತು. ಹನಿ ಹಾಕಿದರೆ ನೀರು ಚೆಂದಾಗಿ ಹಳದಿ ತಿರುಗಿತು. ವಾಟರ್‌ಮನ್ ಎದೆಯುಬ್ಬಿಸಿ ನಿಂತ. ನನಗೆ ದಾರಿಯೇ ತೋಚಲಿಲ್ಲ. ಹಳೆಯ ನಾನಾಗಿದ್ದರೆ ಪಾನಿಪುರಿ ಗಾಡಿಯವನ ಮೇಲೆ ಹಾಕಿ ಬಂದುಬಿಡುತ್ತಿದ್ದೆ. ಅವತ್ತು ಊರಲ್ಲಿ ಒಬ್ಬ ಇದ್ದ ಕೂಡ.

ಇಂಟರ್ನಿಗಳಿಗೆ ಮೂರು ಕಾಲಮ್ಮಿನ ಹಾಳೆ ಇಷ್ಟವಾಗಲಿಲ್ಲ. ಹುಷಾರಿದ್ದವರ ಮನೆ ಬಾಗಿಲು ಬಡಿದರೆ ಬೈಗುಳ ಸಿಗುತ್ತಿತ್ತು. “ನಮಗೇನೂ ಆಗಿಲ್ರಿ, ಆದೋರ ಮನಿಗೆ ಹೋಗ್ರಿ” ಅಂತ ಒಬ್ಬ ಅಜ್ಜಿ ಬಾಗಿಲು ಹಾಕಿಯೇಬಿಟ್ಟಳು. ಏನೂ ಆಗದೆ ಇರುವುದಕ್ಕೇ ನಾವು ಬಂದದ್ದು ಅಂತ ಅವಳಿಗೆ ಹೇಗೆ ಹೇಳುವುದು? ಕೊನೆಗೆ ಆಶಾ ಮುಂದೆ ನಿಂತು “ಯಮ್ಮಾ, ನಿಮ್ಮ ಮನ್ಯಾಗ ಯಾಕ ಆಗಿಲ್ಲ ಅನ್ನೂದನ್ನ ಕಲ್ತು ಉಳಿದೋರಿಗೆ ಹೇಳ್ತಾರಂತ” ಅಂದಳು. ಅಜ್ಜಿ ಒಳಗೆ ಕರೆದು ಚಹಾ ಕೊಟ್ಟು ಅರ್ಧ ತಾಸು ತನ್ನ ನೀರಿನ ಶಿಸ್ತು ಹೇಳಿದಳು. ಎಷ್ಟೋ ವರ್ಷ ಪಾಠ ಮಾಡಿದ ನಾನು ಇಷ್ಟು ಸುಲಭವಾಗಿ ಇದನ್ನು ಯಾರಿಗೂ ಹೇಳಿರಲಿಲ್ಲ.

ರಾತ್ರಿ ಪಿಎಚ್‌ಸಿಯಲ್ಲಿ ಕೂತು ಹಾಳೆಗಳಲ್ಲಿದ್ದ ಮನೆಗಳನ್ನು ಕಾಯಿಲೆ ಬಿದ್ದವು, ಬೀಳದವು ಅಂತ ಎರಡು ಗುಂಪು ಮಾಡಿ ಎಣಿಸಿದೆವು. ಟಾಕಿ ನೀರು: ಎರಡೂ ಕಡೆ ಒಂದೇ. ಮದುವೆ ಊಟ: ಒಂದೇ. ಪಾನಿಪುರಿ: ಹುಷಾರಿದ್ದವರೇ ಜಾಸ್ತಿ ತಿಂದಿದ್ದರು! ನಳ ಎಲ್ಲಿದೆ ಅನ್ನುವ ಪ್ರಶ್ನೆಗೆ ಬಂದಾಗ ಮಾತ್ರ ಗುಂಪುಗಳು ಬೇರೆಯಾದವು. ಕಾಯಿಲೆ ಬಿದ್ದ ಮನೆಗಳಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಮೂರಕ್ಕೆ ತಗ್ಗಿನ ನಳ. ಬೀಳದ ಮನೆಗಳಲ್ಲಿ ನಾಲ್ಕರಲ್ಲಿ ಒಂದಕ್ಕೆ.

ತಗ್ಗಿನ ನಳ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೀರಿನ ಒತ್ತಡ ಕಮ್ಮಿ ಇದ್ದಾಗ ಎತ್ತರದ ನಳಕ್ಕೆ ನೀರು ಏರುವುದಿಲ್ಲ. ಜನ ಏನು ಮಾಡುತ್ತಾರೆ, ಮನೆ ಮುಂದೆ ಎರಡು ಮೂರು ಅಡಿ ತಗ್ಗು ತೋಡಿ ಪೈಪನ್ನು ಅಲ್ಲೇ ಕತ್ತರಿಸಿ ನೀರು ಹಿಡಿಯುತ್ತಾರೆ. ತಗ್ಗಿನಲ್ಲಿ ಇಳಿದು, ಕೊಡ ಇಟ್ಟು, ತುಂಬಿದ ಮೇಲೆ ಎತ್ತಿಕೊಡುವುದು. ಪೈಪಿನ ಬಾಯಿಗೆ ಒಂದು ಬಟ್ಟೆ ಅಥವಾ ಕಟ್ಟಿಗೆ ಬಿರಡೆ. ನೀರು ಬಿಟ್ಟಾಗ ಏನೂ ತೊಂದರೆಯಿಲ್ಲ. ನಿಲ್ಲಿಸಿದಾಗ ಪೈಪಿನೊಳಗಿನ ನೀರು ಇಳಿಜಾರಿನ ಕಡೆ ಸರಿದು ಹಿಂದೆ ಖಾಲಿಯಾಗುತ್ತೆ, ಆ ಖಾಲಿ ಜಾಗ ಹೊರಗಿನದನ್ನು ಒಳಕ್ಕೆ ಎಳೆಯುತ್ತೆ. ನಾವು ಸ್ಟ್ರಾದಲ್ಲಿ ಎಳನೀರು ಎಳೆದ ಹಾಗೆ. ತಗ್ಗಿನಲ್ಲಿ ಮಳೆ ನೀರು, ಚರಂಡಿ ನೀರು, ಮಗುವಿನ ಮುಕಳಿ ತೊಳೆದ ನೀರು ನಿಂತಿದ್ದರೆ ಅದೆಲ್ಲ ಪೈಪಿಗೆ. ಮುಂದಿನ ಸಲ ನೀರು ಬಿಟ್ಟಾಗ ಮೊದಲ ಕೊಡಕ್ಕೆ ಬರುವುದು ಅದೇ.

ಆ ಅಜ್ಜಿಯ ಮನೆಯಲ್ಲೂ ತಗ್ಗಿನ ನಳವೇ ಇತ್ತು ಅನ್ನುವುದು ತಮಾಷೆ. ಆದರೆ ಅವಳು ಮೊದಲ ಎರಡು ಕೊಡ ದನಕ್ಕೆ ಬಿಡುತ್ತಿದ್ದಳು. “ಮೊದಲ ನೀರು ಮನಿ ಮಂದಿಗೆ ಅಲ್ಲ” ಅಂತ ಅವಳ ಅತ್ತೆ ಹೇಳಿಕೊಟ್ಟದ್ದಂತೆ.

ಮೂರು ದಿನ ಬಿಟ್ಟು ನೀರು ಬಿಡುವ ಹೊತ್ತಿಗೆ ಬೆಳಗಿನ ಜಾವ ಹೋಗಿ ನಿಂತೆವು. ಟಾಕಿಯಲ್ಲಿ ಕ್ಲೋರಿನ್ ಇತ್ತು. ಕೊನೆಯ ಓಣಿಯ ತಗ್ಗಿನ ನಳದಲ್ಲಿ ಮೊದಲ ನೀರಿಗೆ ಹನಿ ಹಾಕಿದರೆ ಬಣ್ಣವೇ ಇಲ್ಲ. ಹದಿನೈದು ನಿಮಿಷ ಹರಿದ ಮೇಲೆ ಅದೇ ನಳದಲ್ಲಿ ತಿಳಿ ಹಳದಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಮನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಟಾಕಿಯಲ್ಲಿ ಅಳೆದು ತೃಪ್ತಿಪಟ್ಟರೆ ಸಾಲದು. ಮೊದಲ ನೀರನ್ನು ಹೈಡ್ರೋಜನ್ ಸಲ್ಫೈಡ್ ಬಾಟಲಿಗೆ ತುಂಬಿ ಪಿಎಚ್‌ಸಿಯ ಕಿಟಕಿಯಲ್ಲಿ ಇಟ್ಟೆವು. ಮರುದಿನ ಡಾಂಬರಿನಂತೆ ಕಪ್ಪಾಗಿತ್ತು. ಮಲ ಸೇರಿದ ನೀರಿನ ಗುರುತು ಅದು. ಪಂಚಾಯಿತಿ ಸಭೆಯಲ್ಲಿ ನನ್ನ ಕೋಷ್ಟಕವನ್ನು ಯಾರೂ ನೋಡಲಿಲ್ಲ. ಆ ಬಾಟಲಿ ಮಾತ್ರ ಕೈಯಿಂದ ಕೈಗೆ ಹೋಯಿತು.

ಆಮೇಲೆ ಓದಿದಾಗ ತಿಳಿಯಿತು, ಇದು ಹೊಸದೇನೂ ಅಲ್ಲ, ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೇ ಅಳೆದಿಟ್ಟಿದ್ದಾರೆ ಅಂತ. 2008ರ ಹೊತ್ತಿಗೆ ಅಲ್ಲಿಯ ಕೆಲವು ವಾರ್ಡುಗಳಿಗೆ 24 ತಾಸು ನೀರು ಬಂತು, ಉಳಿದವಕ್ಕೆ ಹಳೆಯ ಪದ್ಧತಿ. ಸಂಶೋಧಕರು ಎರಡನ್ನೂ ಹೋಲಿಸಿದರು. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ, ಅದರಲ್ಲೂ ಮೊದಲು ಬರುವ ನೀರಿನಲ್ಲಿ, ಕೊಳೆ ಜಾಸ್ತಿ. 24 ತಾಸು ನೀರು ಬಂದ ಕಡೆ ಚಿಕ್ಕ ಮಕ್ಕಳ ಭೇದಿ ಒಟ್ಟಾರೆ ಅಂಥಾ ಕಮ್ಮಿಯೇನೂ ಆಗಲಿಲ್ಲ, ಆದರೆ ಬಡವರ ಮನೆಗಳಲ್ಲಿ ರಕ್ತಭೇದಿ ಕಮ್ಮಿ ಇತ್ತು, ಟೈಫಾಯ್ಡ್ ಆದ ಮನೆಗಳೂ ಒಟ್ಟಾರೆ ಕಮ್ಮಿ ಇದ್ದವು. ಧಾರವಾಡಕ್ಕೆ ನಾನು ತಿಂಗಳಿಗೆರಡು ಸಲ ಹೋಗುತ್ತೇನೆ. ಇದು ಗೊತ್ತಿರಲಿಲ್ಲ. ಕಪಾಟಿಗೆ ಇಟ್ಟ ಪತ್ರಿಕೆಗಳನ್ನು ಅವತ್ತಿನಿಂದ ಬಿಡಿಸಿ ಓದುತ್ತಿದ್ದೇನೆ.

ಬರೆದು ಒಂದು ಪತ್ರಿಕೆಗೆ ಕಳಿಸಿದೆ. ಯಾವುದು ಅನ್ನುವುದು ಬೇಡ. ಎಂಟು ತಿಂಗಳು ಸುದ್ದಿಯಿಲ್ಲ, ಆಮೇಲೆ ಎರಡು ಸಾಲಿನಲ್ಲಿ ತಿರಸ್ಕಾರ. ಎರಡನೆಯ ಕಡೆಯಿಂದ ಮೂರು ಪುಟ ಪ್ರಶ್ನೆ ಬಂದವು. ಅದರಲ್ಲಿ ಒಂದು ನನ್ನ ನಿದ್ದೆ ಕೆಡಿಸಿತು: ಹುಷಾರಿದ್ದ ಎರಡು ಮನೆಗಳನ್ನು ಆರಿಸಿದ್ದು ಯಾರು? ಆಶಾನೇ ಆರಿಸಿದ್ದಳು. ಬೆಳಗ್ಗೆ ಹತ್ತಕ್ಕೆ ಬಾಗಿಲು ತೆರೆದಿದ್ದ ಮನೆಗಳು. ಅಂದರೆ ಕೂಲಿಗೆ ಹೋಗದವರು, ಸ್ವಲ್ಪ ಅನುಕೂಲಸ್ಥರು, ಎತ್ತರದ ನಳ ಇಟ್ಟುಕೊಳ್ಳಲು ಆಗುವವರು. ನನ್ನ ವ್ಯತ್ಯಾಸದಲ್ಲಿ ಒಂದಷ್ಟು ಪಾಲು ಬರೀ ಬಡತನದ್ದೇ ಇರಬಹುದು. ಹೌದು, ಅದು ನನ್ನ ಅಧ್ಯಯನದ ಕೊರತೆ ಅಂತ ಬರೆದುಕೊಟ್ಟೆ. ಚಿಕ್ಕ ಲೇಖನವಾಗಿ ಬಂತು. ಈಗ ಫಾರಂನಲ್ಲಿ ಇನ್ನೊಂದು ಸಾಲು ಸೇರಿದೆ: ಬಾಗಿಲು ಹಾಕಿದ್ದರೆ ಸಂಜೆ ಮತ್ತೆ ಹೋಗಬೇಕು, ಪಕ್ಕದ ಮನೆಗೆ ಹಾರಬಾರದು. ಇಂಟರ್ನಿಗಳು ನನ್ನನ್ನು ಏನಂತಾರೋ.

ನಮ್ಮ ಭಾಗದ ಸದಸ್ಯರು ಆರೇಳು ಜನ ಸೇರಿ ವಾಟರ್‌ಮನ್‌ಗಳಿಗೆ ಒಂದು ದಿನದ ತರಬೇತಿ ಶುರು ಮಾಡಿದ್ದೂ ಇದಾದ ಮೇಲೆ. ಸಂಘದ ಕೆಲಸ ಅಂದರೆ ಸಮ್ಮೇಳನ, ಪತ್ರಿಕೆ, ಸರ್ಕಾರಕ್ಕೆ ಸಲಹೆ, ಎಲ್ಲ ಸರಿ. ನನಗೆ ಕೈಗೆಟುಕಿದ್ದು ಇದು. ಮೊದಲ ಸಲ ನಾವು ಪವರ್‌ಪಾಯಿಂಟ್ ತೋರಿಸಿದೆವು, ಅರ್ಧ ಜನ ನಿದ್ದೆ ಹೋದರು. ಎರಡನೆಯ ಸಲ ತಕ್ಕಡಿ ತಂದೆವು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪೌಡರ್, ಐವತ್ತು ಸಾವಿರ ಲೀಟರ್ ಟಾಕಿಗೆ 125 ಗ್ರಾಂ. ಅವರವರ ಬೊಗಸೆಯಲ್ಲೇ ಪೌಡರ್ ತೆಗೆಸಿ ತೂಗಿಸಿದೆವು. ಒಬ್ಬನ ಬೊಗಸೆ ಇನ್ನೊಬ್ಬನದರ ಎರಡರಷ್ಟು ತೂಗಿತು. ನಗುವೋ ನಗು. ಕೊನೆಗೆ ಅವರೇ ಒಂದು ಉಪಾಯ ಕಂಡುಕೊಂಡರು: ಖಾಲಿ ಡಬ್ಬಿಗಳಿಗೆ 125 ಗ್ರಾಂ ಅಳತೆಗೆ ಮೊಳೆಯಿಂದ ಗೀರು ಹಾಕಿಕೊಂಡು ಹೋದರು. ಪೌಡರನ್ನು ಹಾಗೇ ಸುರಿಯದೆ ಬಕೀಟಿನಲ್ಲಿ ಕಲಸಿ, ಸುಣ್ಣ ಕೆಳಗಿಳಿದ ಮೇಲೆ ಮೇಲಿನ ತಿಳಿ ಮಾತ್ರ ಹಾಕಬೇಕು, ಅರ್ಧ ತಾಸು ಬಿಟ್ಟು ನೀರು ಬಿಡಬೇಕು ಅನ್ನುವುದಕ್ಕೆ ಮಾತ್ರ ಅವರು ಪೂರ್ತಿ ಒಪ್ಪಲಿಲ್ಲ. ಕರೆಂಟ್ ಇರುವಾಗ ಕಾಯುವುದು ಹೇಗೆ ಅಂತ ಕೇಳಿದರು. ನಮ್ಮ ಪುಸ್ತಕದಲ್ಲಿ ಕರೆಂಟಿನ ಮಾತಿಲ್ಲ.

ತಗ್ಗುಗಳ ವಿಷಯ ಇನ್ನೂ ಮುಗಿದಿಲ್ಲ. ಆ ಊರಿನ ಪಂಚಾಯಿತಿ ಅವತ್ತೇ ಗರಸು ತರಿಸಿ ತಗ್ಗುಗಳನ್ನು ಮುಚ್ಚಿಸಿತು. ನಳಗಳನ್ನು ಎತ್ತರಿಸಿದರು. ಮೂರು ತಿಂಗಳ ನಂತರ ಹೋದಾಗ ಅರ್ಧಕ್ಕರ್ಧ ಮತ್ತೆ ತೋಡಿದ್ದರು. ತೋಡದೆ ಏನು ಮಾಡುತ್ತಾರೆ? ನೀರು ಏರುತ್ತಲೇ ಇರಲಿಲ್ಲ. ಕೊಳಕು ನೀರಿಗಿಂತ ನೀರೇ ಇಲ್ಲದಿರುವುದು ದೊಡ್ಡ ಕಷ್ಟ. 2019ರ ನಂತರ ಜಲ ಜೀವನ್ ಮಿಷನ್ ಬಂತು. ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಅಂತ ಹೆಸರು. ತಲೆಗೆ ದಿನಕ್ಕೆ 55 ಲೀಟರ್ ಗುರಿ. ಹೊಸ ಪೈಪು, ಹೊಸ ನಳ, ಪ್ರತಿ ಊರಲ್ಲಿ ಐದು ಜನ ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ, ಕಿಟ್. ಆ ಅಜ್ಜಿಯ ಸೊಸೆ ಆ ಐವರಲ್ಲಿ ಒಬ್ಬಳು. ಹೋದ ತಿಂಗಳು ಅವಳೇ ಫೋನ್ ಮಾಡಿದ್ದಳು. “ಮೇಡಂ, ಕೆಳಗಿನ ಓಣ್ಯಾಗ ಹೊಸಾ ನಳದ ಬುಡಕ್ಕ ಮತ್ತ ತಗ್ಗು ತೋಡ್ಯಾರ. ಹನ್ನೊಂದು ಎಣಿಸೇನಿ. ತೋಡದವರ್ದೂ ಎಣಿಸ್ಲೇನು?”

ಎಣಿಸು ಅಂದೆ. ಜೊತೆಗೆ ಯಾವ ಮನೆ ಟಾಕಿಯಿಂದ ಎಷ್ಟು ದೂರ, ಯಾವುದು ಇಳಿಜಾರಿನಲ್ಲಿದೆ ಅಂತಲೂ ಬರೆದಿಡಲು ಹೇಳಿದ್ದೇನೆ. ನಳಕ್ಕೆ ಸಿಕ್ಕಿಸಿ ಒತ್ತಡ ಅಳೆಯುವ ಗೇಜ್ ಒಂದನ್ನು ಪ್ಲಂಬರ್ ಹತ್ತಿರ ಕೇಳಿದ್ದೇನೆ, ವಾಪಸ್ ಕೊಡುವ ಷರತ್ತಿನ ಮೇಲೆ ಕೊಡುತ್ತಾನಂತೆ. ಗುರುವಾರ ನೀರು ಬಿಡುವ ಸರದಿ. ಬೆಳಗಿನ ಜಾವ ನಾಲ್ಕೂವರೆಗೆ ಜೀಪ್ ಹೇಳಿದ್ದೇನೆ.